ಸದರಿ ಬಾವಿ

ಮೊನ್ನೆ ಮೊಮ್ಮಗಳ ಶಾಲೆಯಿಂದ ಒಂದು ಚೀಟಿ ಬಂತು. 'ಸದರಿ ವಿದ್ಯಾರ್ಥಿನಿಯು ತರಗತಿಯಲ್ಲಿ ಅತಿಯಾಗಿ ಮಾತನಾಡುತ್ತಿದ್ದು, ಸದರಿ ವಿಷಯವನ್ನು ಪೋಷಕರ ಗಮನಕ್ಕೆ ತರಲಾಗಿದೆ' ಎಂದಿತ್ತು. ಮಗಳು ಮಗುವನ್ನು ಗದರಿಸಲು ಹೊರಟಳು. ನಾನು ಕನ್ನಡಕ ಏರಿಸಿಕೊಂಡು ಆ ಎರಡು ಸದರಿಗಳನ್ನೇ ನೋಡುತ್ತ ಕುಳಿತುಬಿಟ್ಟೆ. ನನ್ನ ಹೆಂಡತಿ ಶಾರದೆ ಅಡುಗೆಮನೆಯಿಂದಲೇ ಕೇಳಿದಳು: "ಏನ್ರೀ, ಹಳೇ ನೆಂಟರು ಸಿಕ್ಕಿದ್ರಾ?"

ಸಿಕ್ಕಿದರು. ಬೇಡವೆಂದರೂ ಬಾಗಿಲಲ್ಲಿ ಬಂದು ನಿಲ್ಲುವ ಜಾತಿಯ ನೆಂಟರು.

ಸಭೆಗಳಲ್ಲಿ ನನ್ನನ್ನು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಹಿನಕಲ್ಲಿನ ಒಕ್ಕಲು ಮಗ, ಮೈಸೂರಿನಲ್ಲಿ ಕರಿ ಕೋಟು ತೊಟ್ಟು ವಕೀಲನಾದವನು, ಅದನ್ನು ಬಿಟ್ಟು ಕಾದಂಬರಿಕಾರನಾದದ್ದು ಹೇಗೆ? ನಾನು ಗಂಟಲು ಸರಿಮಾಡಿಕೊಂಡು 'ಒಳಗಿನ ತುಡಿತ' ಎನ್ನುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದು ಶುದ್ಧ ಸುಳ್ಳು. ವಕೀಲನಾಗಿದ್ದಾಗ ಸುಳ್ಳು ಅಭ್ಯಾಸವಾಗಿತ್ತು, ಕಾದಂಬರಿಕಾರನಾದ ಮೇಲೆ ಅದೇ ಕಸುಬಾಯಿತು. ಇವತ್ತು ನಿಮ್ಮೆದುರು ನಿಜ ಹೇಳಿಬಿಡುತ್ತೇನೆ: ನನ್ನನ್ನು ಲೇಖಕನನ್ನಾಗಿ ಮಾಡಿದ್ದು ಒಂದೇ ಒಂದು ಪದ. ಅದು ಮೂರಕ್ಷರದ 'ಸದರಿ'.

ಈ ಸದರಿ ನಮ್ಮ ಮಣ್ಣಿನದಲ್ಲ. ಕಚೇರಿಗಳಲ್ಲಿ ಫಾರಸಿ ನಡೆಯುತ್ತಿದ್ದ ಕಾಲದಲ್ಲಿ ಬಂದು, ಯಜಮಾನರು ಹೋದರೂ ತಾನು ಹೋಗದೆ ಉಳಿದದ್ದು. 'ಮೇಲೆ ಹೇಳಿದ' ಎಂಬುದು ಅದರ ಅರ್ಥ. ಜೊತೆಗೆ ಅದರ ಬಳಗವೂ ಬಂತು: ತಕರಾರು, ವಾಯಿದೆ, ಜಾಮೀನು, ಇಂಥವನು ಯಾನೆ ಇಂಥವನು ಬಿನ್ ಇಂಥವನು. ಈ ಪದಗಳಿಗೆ ಒಂದು ಗತ್ತಿದೆ. 'ಆ ಮನೆ' ಎಂದರೆ ಬರೀ ಮನೆ. 'ಸದರಿ ಮನೆ' ಎಂದ ಕೂಡಲೇ ಅದಕ್ಕೆ ನಾಲ್ಕು ಕಡೆ ಚೆಕ್ಕುಬಂದಿ ಏಳುತ್ತದೆ. ಆದರೆ ಸದರ ಕೊಟ್ಟರೆ ಸದರಿ ತಲೆಗೇರುತ್ತದೆ. ನನಗೆ ಏರಿಯೇಬಿಟ್ಟಿತು. ಮದುವೆಯಾದ ಹೊಸತರಲ್ಲಿ, ತವರಿಗೆ ಹೋಗಿದ್ದ ಶಾರದೆಗೆ ನಾನೊಂದು ಕಾಗದ ಬರೆದಿದ್ದೆ: 'ನಿನ್ನ ಪತ್ರ ತಲುಪಿತು. ಸದರಿ ಪತ್ರದಲ್ಲಿ ಕೇಳಿರುವ ಪ್ರೀತಿಯ ವಿಚಾರವಾಗಿ ತಿಳಿಸುವುದೇನೆಂದರೆ...' ಅವಳು ಅದನ್ನು ಇಂದಿಗೂ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ. ಪ್ರೀತಿಗಲ್ಲ, ಸಮಯಕ್ಕೆ ಬೇಕಾಗುತ್ತದೆ ಎಂದು.

ಇಷ್ಟಾದರೂ ಸದರಿ ಯಾರಿಗೂ ಕೇಡು ಮಾಡಿರಲಿಲ್ಲ, ಹೊನ್ನಮ್ಮ ಬರುವವರೆಗೆ.

ಸ್ವಾತಂತ್ರ್ಯ ಬಂದ ಹೊಸತು. ನಜರ್‌ಬಾದಿನಲ್ಲಿ ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಟಾಂಗಾಗಳು ನಿಲ್ಲುವ ಜಾಗವಿತ್ತು. ಅದರ ಹಿಂದೆಯೇ ಹೊನ್ನಮ್ಮನ ಮನೆ. ಮಂಡಕಳ್ಳಿಯ ಹೆಣ್ಣು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮುಂದಿನ ಪಡಸಾಲೆಯಲ್ಲಿ ಟಾಂಗಾದವರಿಗೆ ಮಧ್ಯಾಹ್ನದ ಊಟ ಹಾಕಿ ಬದುಕುತ್ತಿದ್ದಳು. ಮುದ್ದೆ ಮತ್ತು ಬೇಳೆಸಾರು, ಅಷ್ಟೇ. ಆ ಸಾರಿನ ಒಗ್ಗರಣೆಯ ವಾಸನೆ ಕೋರ್ಟಿಗೆ ಹೊರಟ ನನ್ನನ್ನು ಎಷ್ಟೋ ಸಲ ಅಡ್ಡಗಟ್ಟಿ ನಿಲ್ಲಿಸಿದೆ. ಬೇಳೆ ಬೆಂದು, ಕರಗಿ, ಹೆಸರಿಗೂ ಕಾಣದಂತೆ ನೀರಿನೊಡನೆ ಒಂದಾಗಿರುತ್ತಿತ್ತು. ಕುದುರೆಗಳು ಹೊರಗೆ ಹುಲ್ಲು ಮೇಯುತ್ತ ನಿಂತಿದ್ದರೆ ಒಳಗೆ ಯಜಮಾನರು ಸೊರ್ ಎಂದು ಸಾರು ಹೀರುತ್ತಿದ್ದ ಸದ್ದು ಬೀದಿಗೆ ಕೇಳಿಸುತ್ತಿತ್ತು.

ಆ ಮನೆಗೆ ಎರಡು ಬಾವಿ. ಮುಂದಿನದು ಸಿಹಿನೀರು, ಹಿತ್ತಲಿನದು ಉಪ್ಪುನೀರು. ಅವಳ ಮೈದುನ ಮನೆಯಲ್ಲಿ ಪಾಲು ಕೇಳಿ ತಕರಾರು ತೆಗೆದ. ಹೊನ್ನಮ್ಮ ಅವನ ಮೇಲೆ ದಾವೆ ಹಾಕಿಸಲು ನನ್ನ ಹತ್ತಿರ ಬಂದಳು. "ಮನೇಲಿ ಎಷ್ಟಾದ್ರೂ ತಕ್ಕೊಳ್ಲಿ ಸ್ವಾಮಿ. ಮುಂದ್ಲ ಬಾವಿ ಒಂದು ನಂಗೆ ಬುಟ್ಬುಡ್ಲಿ. ನೀರಿದ್ರೆ ಸಾರು, ಸಾರಿದ್ರೆ ನಾನು." ಇಷ್ಟು ಸ್ಪಷ್ಟವಾಗಿ ಯಾವ ಕಕ್ಷಿದಾರರೂ ನನಗೆ ಕೇಸು ವಿವರಿಸಿರಲಿಲ್ಲ. ನಾಲ್ಕು ವಾಯಿದೆ ಆದಮೇಲೆ ಮೈದುನ ರಾಜಿಗೆ ಒಪ್ಪಿದ. ರಾಜಿ ಅರ್ಜಿಯನ್ನು ನಾನೇ ಹೇಳಿ ಬರೆಸಿದೆ. ಗುಮಾಸ್ತ ಬಸವಲಿಂಗಯ್ಯನವರು ದುಂಡಗೆ ಬರೆದರು:

'ಮನೆಯ ಮುಂದಣ ಸಿಹಿನೀರಿನ ಬಾವಿಯನ್ನು ವಾದಿಯು ಮೊದಲಿನಿಂದಲೂ ಬಳಸುತ್ತಿದ್ದು, ಹಿತ್ತಲಿನಲ್ಲಿ ಉಪ್ಪುನೀರಿನ ಬಾವಿಯೂ ಇದ್ದು, ಸದರಿ ಬಾವಿಯು ವಾದಿಗೆ ಸೇರತಕ್ಕದ್ದು.'

ಓದಿ ನೋಡಿದೆ. ಗಂಭೀರವಾಗಿತ್ತು, ಲಯಬದ್ಧವಾಗಿತ್ತು. ಹೊನ್ನಮ್ಮ ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದಳು. ನೀವು ಆಗಲೇ ತಪ್ಪು ಹಿಡಿದಿರಬೇಕು. ನನಗೆ ಗೊತ್ತಾದದ್ದು ಡಿಕ್ರಿ ಆಗಿ, ಮೈದುನ ಮುಂದಿನ ಬಾವಿಗೆ ಬೇಲಿ ಹಾಕಿಸಿದ ದಿನ. ಓಡಿಹೋಗಿ ತಿದ್ದುಪಡಿಗೆ ಅರ್ಜಿ ಹಾಕಿದೆ. ಮುನ್ಸೀಫರು ಎರಡು ಸಲ ಓದಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸದರಿ ಅನ್ನೋದು ಹತ್ತಿರದ ಮಾತಿಗೇ ಸೇರುತ್ತೆ, ವಕೀಲರೆ. ಉಪ್ಪುನೀರಿನ ಬಾವಿ. ಬರೆದದ್ದು ನೀವೇ ಅಲ್ಲವೆ?"

ನಾನೇ. ಬಸವಲಿಂಗಯ್ಯನವರ ಮೇಲೆ ಹೊರಿಸಬಹುದಿತ್ತು, ಒಂದು ಕ್ಷಣ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮನುಷ್ಯ ನಾನು ಹೇಳಿದ್ದಕ್ಕೆ ಒಂದು ಕೊಂಬು ಕೂಡ ಸೇರಿಸಿದವರಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಹೊನ್ನಮ್ಮನಿಗೆ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. "ಬುಡಿ ಸ್ವಾಮಿ, ನೀವೇನು ಬೇಕೂಂತ ಮಾಡಿದ್ರಾ?" ಎಂದಳು. ಎರಡು ಮೆಟ್ಟಿಲು ಇಳಿದು, "ಆದ್ರೆ ಆ ನೀರಲ್ಲಿ ಬೇಳೆ ಬೇಯಕಿಲ್ಲ ಕಣ್ ಸ್ವಾಮಿ" ಎಂದಳು.

ಅದು ಬರೀ ಗಾದೆಯಾಗಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆದರೆ ನಿಜವಾಗಿಯೂ ಬೇಯಲಿಲ್ಲ. ಎಷ್ಟು ಸೌದೆ ಉರಿಸಿದರೂ ಕಾಳು ಕಾಳಾಗಿಯೇ ನಿಂತಿರುತ್ತಿತ್ತು. ಸೋಡ ಹಾಕಿದರೆ ರುಚಿ ಕೆಡುತ್ತಿತ್ತು. ಟಾಂಗಾದವರು ಒಬ್ಬೊಬ್ಬರಾಗಿ ಬೇರೆ ಕಡೆ ಊಟಕ್ಕೆ ಹೋಗತೊಡಗಿದರು. ಹೊನ್ನಮ್ಮ ಎರಡು ಕೊಡ ಹೊತ್ತು, ನಮ್ಮ ಮನೆಯ ಮುಂದೆಯೇ ಹಾದು, ದೂರದ ಸಿಹಿನೀರಿಗೆ ಹೋಗಿಬರತೊಡಗಿದಳು. ದಿನಕ್ಕೆ ನಾಲ್ಕು ಸಲ. ನಾನು ಆ ಹೊತ್ತಿಗೆ ಸರಿಯಾಗಿ ಒಳಕೋಣೆಯಲ್ಲಿ ಏನನ್ನೋ ಹುಡುಕುತ್ತಿರುತ್ತಿದ್ದೆ. ನನ್ನ ಬೇಳೆಯೂ ಕೋರ್ಟಿನಲ್ಲಿ ಬೇಯದಾಯಿತು. ಅರ್ಜಿ ಬರೆಸಲು ಕುಳಿತರೆ ಸದರಿ ಬಂದ ಕಡೆ ಮಾತು ನಿಂತುಹೋಗುತ್ತಿತ್ತು.

ಅಂಥ ದಿನಗಳಲ್ಲಿ ಕಾದಂಬರಿ ಬರೆಯತೊಡಗಿದೆ. ತುಡಿತವಲ್ಲ, ತಪ್ಪೊಪ್ಪಿಗೆ. ಒಬ್ಬ ಹೆಂಗಸು, ಒಂದು ಬಾವಿ, ಒಬ್ಬ ಮುಠ್ಠಾಳ ವಕೀಲ. ಒಂದು ವಾರಪತ್ರಿಕೆ ಅದನ್ನು ಧಾರಾವಾಹಿಯಾಗಿ ಹಾಕಲು ಒಪ್ಪಿತು. ಶುದ್ಧಪ್ರತಿ ಮಾಡುತ್ತಿದ್ದವರು ಬಸವಲಿಂಗಯ್ಯನವರೇ. ಜೀವಮಾನವಿಡೀ ದಾವೆಯ ಪ್ಲೇಂಟು ಬರೆದ ಕೈ ಅದು. ನಾಯಕಿ ಬೆಳದಿಂಗಳಲ್ಲಿ ನಿಟ್ಟುಸಿರಿಟ್ಟಳು ಎಂದು ನಾನು ಬರೆದಿದ್ದರೆ, 'ಸಾಕ್ಷಿ ಯಾರು ಸ್ವಾಮಿ?' ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಇಷ್ಟಾದರೂ ಜನ ಮುಗಿಬಿದ್ದು ಓದಿದರು. ಪುಸ್ತಕವಾಗಿ ಬಂದಾಗ ಅಚ್ಚಿನ ಮೇಲೆ ಅಚ್ಚು ಹಾಕಿದರು. ಹಿನಕಲ್ಲಿನ ನಮ್ಮ ದೊಡ್ಡಪ್ಪ ಸೈಕಲ್ಲಿನಲ್ಲಿ ಬಂದು, "ಅದೇನ್ ಬರ್ದ್‌ಬುಟ್ಯೋ, ನಮ್ ಕೇರಿ ಹೆಂಗಸ್ರೆಲ್ಲಾ ಅಳ್ತಾ ಕೂತವ್ರೆ" ಎಂದು ಮೆಚ್ಚಿದನೋ ಗದರಿದನೋ ತಿಳಿಯಲಿಲ್ಲ. ನಾನು ಕರಿ ಕೋಟನ್ನು ಮೊಳೆಗೆ ನೇತುಹಾಕಿದೆ.

ಕಾದಂಬರಿಯ ಕೊನೆಯಲ್ಲಿ ನಾಯಕಿಗೆ ಸಿಹಿನೀರಿನ ಬಾವಿ ಸಿಕ್ಕುತ್ತದೆ. ಹೈಕೋರ್ಟಿನವರೆಗೂ ಹೋಗಿ ನಾನೇ ಗೆಲ್ಲಿಸಿದ್ದೆ. ಕಾಗದದ ಮೇಲೆ ಮೇಲ್ಮನವಿ ಎಷ್ಟು ಸುಲಭ! ಕಡೆಯ ಕಂತು ಬಂದ ದಿನ, ಕೊಡ ಹೊತ್ತು ಹೋಗುತ್ತಿದ್ದ ಹೊನ್ನಮ್ಮನನ್ನು ಕರೆದು ಜಗುಲಿಯ ಮೇಲೆ ಕೂರಿಸಿ, ನಾನೇ ಓದಿ ಹೇಳಿದೆ. ಕೆನ್ನೆಗೆ ಕೈಕೊಟ್ಟು ಕೇಳಿದಳು. ಬಾವಿ ಸಿಕ್ಕಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಎದೆ ಹಗುರಾಯಿತು.

"ಪುಣ್ಯಾತ್ಗಿತ್ತಿ, ಅವಳಿಗಾದ್ರೂ ಸಿಕ್ತಲ್ಲ," ಎಂದಳು. ಆಮೇಲೆ ಖಾಲಿ ಕೊಡ ಸೊಂಟಕ್ಕೆ ಏರಿಸಿಕೊಂಡು ನಕ್ಕಳು: "ಸ್ವಾಮಿ, ನಿಮ್ ಪುಸ್ತಕದ ಬಾವೀಲಿ ಒಂದ್ ಕೊಡ ಸೇದ್ಕೊಂಡ್ ಹೋಗ್ಲಾ?"

ನನ್ನ ಕಾದಂಬರಿಗೆ ಎಷ್ಟೋ ವಿಮರ್ಶೆಗಳು ಬಂದಿವೆ. ಅಷ್ಟು ಚಿಕ್ಕದೂ ಅಷ್ಟು ಸರಿಯಾದದ್ದೂ ಇನ್ನೊಂದು ಬರಲಿಲ್ಲ.

ಹೆಸರು ಬಂದಮೇಲೆ ಪತ್ರಿಕೆಯವರು ರಾಜಕೀಯವನ್ನೂ ಬರೆಯಿರಿ ಎಂದರು. ಕಾದಂಬರಿ ಬರೆದವನಿಗೆ ದೇಶ ಆಳುವುದೂ ಗೊತ್ತಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ! ವಾರಕ್ಕೊಂದು ಅಂಕಣ. ರಾಜ್ಯಗಳನ್ನು ಹೇಗೆ ವಿಂಗಡಿಸಬೇಕು ಎಂದು ಹೇಳಿದೆ, ಡೆಲ್ಲಿಗೆ ಬುದ್ಧಿ ಹೇಳಿದೆ, ಕಂಡರಿಯದ ದೇಶಗಳ ಪ್ರಧಾನಿಗಳನ್ನು ಎಚ್ಚರಿಸಿದೆ. ಅವರಲ್ಲಿ ಒಬ್ಬರೂ ಕಿವಿಗೊಟ್ಟ ಕುರುಹಿಲ್ಲ. ಒಂದು ಬೆಳಿಗ್ಗೆ ಹೊನ್ನಮ್ಮ ನಮ್ಮ ಗೇಟಿನ ಬಳಿ ಕೊಡ ಇಳಿಸಿ ಮೊಣಕಾಲು ನೀವಿಕೊಳ್ಳುತ್ತಿದ್ದಳು. ತಲೆ ನರೆತಿತ್ತು. ಈಗ ಊಟಕ್ಕೆ ಬರುವವರು ನಾಲ್ಕೇ ಜನವಂತೆ. ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿ ಕೇಳಿದಳು:

"ಈ ಸಲ ಯಾವೂರ್ದು ಬರ್ದಿದ್ದೀರಿ ಸ್ವಾಮಿ?"

"ಡೆಲ್ಲೀದು ಹೊನ್ನಮ್ಮ."

"ಪೇಪರ್‌ನಲ್ಲಿ ಎಲ್ಲಾ ಅದೆ. ನಮ್ ಬೀದೀಲಿ ನಲ್ಲಿ ಒಂದಿಲ್ಲ."

ಶ್ಲೇಷೆ ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಕಪಾಳಕ್ಕೆ ಬಿತ್ತು. ಅಂದೇ ಕುಳಿತು ಬರೆದೆ. ಡೆಲ್ಲಿ ಇಲ್ಲ, ಪ್ರಧಾನಿಗಳಿಲ್ಲ. ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಸಲ ಎಷ್ಟು ದೂರ ನಡೆಯುತ್ತಾಳೆ, ಬೇಳೆ ಯಾಕೆ ಬೇಯುವುದಿಲ್ಲ, ಅದಕ್ಕೆ ಕಾರಣನಾದ ವಕೀಲ ಯಾರು, ಎಲ್ಲವನ್ನೂ ಹೆಸರು ಹಿಡಿದು ಬರೆದೆ. ಒಂದೇ ಒಂದು ಸದರಿ ಬಳಸಲಿಲ್ಲ.

ಆಶ್ಚರ್ಯವೆಂದರೆ ಸಂಬಂಧಪಟ್ಟವರು ಓದಿದರು. ಯಾವ ಕಚೇರಿಯವರು ಎಂದು ಹೇಳುವುದಿಲ್ಲ, ವಕೀಲನಾಗಿದ್ದವನು ಅಷ್ಟಾದರೂ ಕಲಿತಿರುತ್ತೇನೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗುದ್ದಲಿಯ ಸದ್ದಿಗೆ ಸ್ನಾನದ ಮನೆಯಿಂದ ಈಚೆ ಬಂದೆ. ನಮ್ಮ ಗೇಟಿನ ಮುಂದೆಯೇ ಗುಂಡಿ ತೋಡುತ್ತಿದ್ದಾರೆ! ಪಕ್ಕದಲ್ಲಿ ಕೊಳವೆ, ಹೊಳೆಯುವ ಹಿತ್ತಾಳೆಯ ನಲ್ಲಿ. ಪಂಚೆ ಬಿಗಿದುಕೊಂಡು ಓಡಿದೆ. ಮೇಸ್ತ್ರಿ ವಿನಯವಾಗಿ ಆರ್ಡರ್ ಕಾಗದ ಕೊಟ್ಟ. ಅದರಲ್ಲಿ ಹೀಗಿತ್ತು:

'ಹೊನ್ನಮ್ಮ ಎಂಬುವರಿಗೆ ನೀರಿನ ತೊಂದರೆ ಇರುವುದಾಗಿ ಮಾಜಿ ವಕೀಲರೂ ಲೇಖಕರೂ ಆದವರು ಬರೆದಿದ್ದು, ಸದರಿಯವರ ಮನೆಯ ಮುಂದೆ ಒಂದು ನಲ್ಲಿಯನ್ನು ಹಾಕತಕ್ಕದ್ದು.'

"ಅಯ್ಯಾ, ಸದರಿ ಅಂದರೆ ಹೊನ್ನಮ್ಮ! ನಾನಲ್ಲ!"

"ನಮ್ಗೇನ್ ಗೊತ್ತು ಬುದ್ದಿ, ಕಾಗ್ದದಾಗೆ ಇಂಗೇ ಬರ್ದವ್ರೆ. ಲೇಖಕ್ರು ಅಂದ್ರೆ ನೀವೇ ತಾನೆ?"

ಅಷ್ಟರಲ್ಲಿ ಶಾರದೆ ಬಾಗಿಲಿಗೆ ಬಂದಳು. ನಮ್ಮ ಬೀದಿಗೂ ನಲ್ಲಿ ಇರಲಿಲ್ಲ, ಅವಳಿಗೆ ಕೇಳಿ ಕೇಳಿ ಸಾಕಾಗಿತ್ತು. "ಬಂದ ನಲ್ಲೀನ ಯಾರಾದ್ರೂ ಬೇಡ ಅಂತಾರೇನ್ರೀ? ಹತ್ತಿರದ ಮಾತಿಗೇ ಸದರಿ ಅಂತ ಮುನ್ಸೀಫರೇ ಹೇಳಿದ್ದಾರಲ್ಲ!" ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ, ನನ್ನನ್ನು ಸೋಲಿಸಿದ ಹಳೆಯ ತೀರ್ಪನ್ನೇ ನಜೀರಾಗಿ ತೋರಿಸುತ್ತಿದ್ದಾಳೆ. ಕಾನೂನು ಅವಳ ಕಡೆಗಿತ್ತು. ಅವತ್ತು ಹೊನ್ನಮ್ಮನಿಂದ ಬಾವಿ ಕಿತ್ತುಕೊಂಡ ವ್ಯಾಕರಣವೇ ಇವತ್ತು ನಲ್ಲಿಯನ್ನು ತಂದು ನನ್ನ ಬಾಗಿಲಲ್ಲಿ ನೆಡುತ್ತಿತ್ತು. ನಾಚಿಕೆಯಿಂದ ಹೇಳುತ್ತೇನೆ, ಒಂದು ಗಳಿಗೆ ಆ ಹಿತ್ತಾಳೆಯನ್ನು ನಾನೂ ಆಸೆಯಿಂದ ನೋಡಿದೆ.

ಆಗ ಬೀದಿಯ ತಿರುವಿನಲ್ಲಿ ಹೊನ್ನಮ್ಮ ಕಂಡಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಗುಂಡಿಯ ಹತ್ತಿರ ಬಂದು, ನಲ್ಲಿ ನೋಡಿ, "ನಿಮಗೆ ಸಿಕ್ತಾ ಅವ್ವಾರೆ? ಒಳ್ಳೇದಾಯ್ತು ಬುಡಿ" ಎಂದು ಶಾರದೆಗೆ ಹೇಳಿ, ನಿಲ್ಲದೆ ಮುಂದೆ ಹೋದಳು.

ಶಾರದೆ ಅವಳ ಬೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತು ಏನ್ ನೋಡ್ತೀರಿ? ಅದೇನೋ ಬರೆದುಕೊಡಿ ಮೇಸ್ತ್ರಿಗೆ" ಎಂದಳು.

"ಊ ಬುದ್ದಿ, ಬರ್ದು ರುಜು ಆಕ್ಕೊಡಿ. ನಮ್ಗೆ ಆಧಾರ ಇರ್ತದೆ" ಎಂದ ಮೇಸ್ತ್ರಿ.

ಬರೆದೆ. 'ನಲ್ಲಿಯನ್ನು ಟಾಂಗಾ ನಿಲ್ಲುವ ಜಾಗದ ಹಿಂದಿರುವ ಹೊನ್ನಮ್ಮನ ಮನೆಯ ಮುಂದೆ, ಹೊನ್ನಮ್ಮನ ಮನೆಯ ಮುಂದೆಯೇ, ಹೊನ್ನಮ್ಮನ ಮನೆಯ ಮುಂದೆ ಮಾತ್ರ ಹಾಕತಕ್ಕದ್ದು. ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.' ಮೇಸ್ತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ. ನಾನು ಬರೆದ ವಾಕ್ಯಗಳಲ್ಲೆಲ್ಲ ಅದೇ ಉತ್ತಮವಾದದ್ದು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಸಂಜೆ ಬಸವಲಿಂಗಯ್ಯನವರಿಗೆ ಹೇಳಿದರೆ ಅವರು ಮುಖ ಹುಳ್ಳಗೆ ಮಾಡಿದರು. "ಎರಡನೇ ಸಲ ಸದರಿ ಅಂದಿದ್ರೆ ಸಾಕಾಗಿತ್ತು ಸ್ವಾಮಿ. ಸುಮ್ನೆ ಕಾಗದ ದಂಡ."

ಗುಂಡಿ ಮುಚ್ಚಿದರು. ನಮ್ಮ ಬೀದಿಗೆ ನಲ್ಲಿ ಬರಲು ಮತ್ತೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಶಾರದೆ ಹೊನ್ನಮ್ಮನ ನಲ್ಲಿಯಿಂದಲೇ ನೀರು ತರಿಸಿದಳು, ಪ್ರತಿ ಕೊಡಕ್ಕೂ ನನ್ನ ಕಡೆ ಒಂದು ನೋಟ ಬೀರಿದಳು.

ಹೊನ್ನಮ್ಮನ ನಲ್ಲಿಗೆ ನೀರು ಬಿಟ್ಟ ಮೂರನೆಯ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ನನಗೆ ನೆನಪಿದ್ದಂತೆ, ತಲೆಯ ಮೇಲೆ ಕೊಡವಿಲ್ಲದೆ ಅವಳು ಆ ಬೀದಿಯಲ್ಲಿ ನಡೆದು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಸೆರಗಿನ ಮರೆಯಿಂದ ಒಂದು ಮುಚ್ಚಿದ ಪಾತ್ರೆ ತೆಗೆದು ಜಗುಲಿಯ ಮೇಲಿಟ್ಟಳು. ಮುಚ್ಚಳ ತೆಗೆದೆ. ಅದೇ ವಾಸನೆ. ಹುಡುಕಿದರೂ ಒಂದು ಕಾಳು ಸಿಕ್ಕಲಿಲ್ಲ.

"ಉಂಡ್ ನೋಡಿ ಸ್ವಾಮಿ," ಎಂದಳು. "ಕೊನೆಗೂ ನಿಮ್ ಬೇಳೆ ಬೆಂತು."