ಮಾಳಿಗೆಯ ಮಣ್ಣು, ತಳದ ಕಲ್ಲು

ನನಗೊಂದು ಚಾಳಿ ಇದೆ. ಯಾರಾದರೂ ಒಂದು ಕೇಳಿದರೆ ನಾಲ್ಕು ಹೇಳುತ್ತೇನೆ. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಅದು ಇನ್ನಷ್ಟು ಬಲಿತಿದೆ. ಹೋದ ಬೇಸಿಗೆಯಲ್ಲಿ ನಿಂಬರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ನೆಲದೊಳಗಿಂದ ಗುಡುಗಿದಂತೆ ಸದ್ದು ಬಂದು, ಅಡುಗೆಮನೆಯ ಡಬ್ಬಿಗಳೆಲ್ಲ ಗಡಗಡ ಅಂದವು. ಓಣಿಯವರು ಹೊರಗೆ ಓಡಿ ಬಂದು ನನ್ನನ್ನೇ ಸುತ್ತಿಕೊಂಡರು.

"ಟೀಚರ್ರ, ಒಳಗ ಏನ್ ನಡದದರಿ?"

ಇಂಥ ಸದ್ದು ಹುಟ್ಟುವುದು ಮೇಲುಪದರದಲ್ಲೇ, ನಿಮ್ಮ ನಿಮ್ಮ ಮನೆ ಗಟ್ಟಿ ಇದೆಯೇ ನೋಡಿಕೊಳ್ಳಿ ಅಂದಿದ್ದರೆ ಸಾಕಿತ್ತು. ನಾನು ಬಿಡಬೇಕಲ್ಲ, ನೇರ ಭೂಮಿಯ ಹೊಟ್ಟೆಗೇ ಇಳಿದೆ. ಬಾವಿ ತೋಡುವಾಗ ಸಿಗುವ ನಮ್ಮ ಕರಿಗಲ್ಲು ಒಂದು ಕಾಲಕ್ಕೆ ಕೆಳಗಿನಿಂದ ಕರಗಿ ಬಂದದ್ದು. ಅದರ ತೌರುಮನೆಯಾದ ದಪ್ಪ ಪದರದಲ್ಲಿ ಆಲಿವಿನ್ ಎಂಬ ಹಸಿರು ಹರಳು ತುಂಬಿದೆ. ನೂರಾರು ಕಿಲೋಮೀಟರು ಆಳಕ್ಕೆ ಹೋದರೆ ಮೇಲಿನ ಭಾರಕ್ಕೆ ಅದರ ಕಣಗಳು ಒತ್ತರಿಸಿ ಕೂಡುತ್ತವೆ. ಕಣ ಅವೇ, ಕೂಡುವ ರೀತಿ ಬೇರೆ. ಹಸಿರು ಹರಳು ನೀಲಿಯಾಗುತ್ತದೆ, ಮೊದಲಿಗಿಂತ ಗಟ್ಟಿಯಾಗುತ್ತದೆ. ಇನ್ನೂ ಕೆಳಗೆ ಅದೂ ಒಡೆದು ಬೇರೆ ಹರಳುಗಳಾಗುತ್ತದೆ. ಇಲ್ಲಿ ಕಬ್ಬಿಣ ಕರಗುವಷ್ಟು ಬಿಸಿ ಅಲ್ಲಿದ್ದರೂ ಒತ್ತಡ ಅದನ್ನು ಕರಗಗೊಡುವುದಿಲ್ಲ. ಕಲ್ಲು ಕಲ್ಲಾಗಿಯೇ ಇದ್ದು, ಉಗುರು ಬೆಳೆಯುವಷ್ಟು ಮೆಲ್ಲಗೆ ಹರಿಯುತ್ತದೆ.

ಜನ ತಲೆಯಾಡಿಸಿದರು. ಒಬ್ಬರು ದೇವಿಗೆ ಕೈಮುಗಿದು "ಎಲ್ಲಾ ಘತ್ತರಗಿ ಭಾಗಮ್ಮನ ಮ್ಯಾಲ ಅದ ಬಿಡ್ರಿ" ಅಂದು ಮನೆಗೆ ಹೋದರು. ಕಿವಿಗೊಟ್ಟು ಕೇಳಿದವರು ನಮ್ಮತ್ತೆ ಒಬ್ಬರೇ. ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ನಮ್ಮದು ಮಣ್ಣಿನ ಮಾಳಿಗೆ ಮನೆ. ಕಲ್ಲಿನ ಗೋಡೆ, ಅಡ್ಡ ಹಾಕಿದ ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಪ್ರತಿ ವರ್ಷ ಜೂನಿನಲ್ಲಿ ಹಿಡಿಯುವ ಮಿರಗದ ಮಳೆಗೆ ಮುಂಚೆ, ಸೋರದಿರಲಿ ಅಂತ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಹಳೆಯದನ್ನು ತೆಗೆಯುವ ರೂಢಿ ಇಲ್ಲ. ನನ್ನ ತೌರು ಜೇವರ್ಗಿ ಕಡೆ, ಅಲ್ಲಿ ಚಪ್ಪಡಿಯಂಥ ಪರಸಿ ಕಲ್ಲು ಹೊದಿಸಿದ ಮನೆಗಳು, ಈ ಉಸಾಬರಿ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಬೇಸಿಗೆಯಲ್ಲೂ ಒಳಗೆ ಎಷ್ಟು ತಂಪು ಅಂತ ಹೊಗಳಿದವಳು ನಾನೇ. ಸದ್ದಾದ ದಿನ ಮೊದಲ ಸಲ ಕತ್ತೆತ್ತಿ ಸರಿಯಾಗಿ ನೋಡಿದೆ. ನಡುಮನೆಯ ದೊಡ್ಡ ತೊಲೆ ಬಾಗಿತ್ತು. ಅದರ ಕೆಳಗೇ ಅತ್ತೆಯ ಹಾಸಿಗೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಿರಗ ಹತ್ತಿರ ಬಂತು. ಅತ್ತೆ ಮಗನಿಗೆ, "ಒಂದು ಟ್ರ್ಯಾಕ್ಟರ್ ಮಣ್ಣು ತರಸಪಾ" ಅಂದರು.

ನಾನು ಅಡ್ಡ ಬಂದೆ. "ಈ ವರ್ಷ ಬ್ಯಾಡ್ರಿ ಅತ್ತಿ. ಇದ್ದದ್ದೇ ಇಳಸೋಣ್ರಿ. ನೆಲ ಜೋರ್ ಅಳ್ಳಾಡಿದ್ರ ತೊಲಿ ತಡ್ಯಂಗಿಲ್ಲ."

"ಒತ್ತಿದಷ್ಟು ಗಟ್ಟಿ ಆಗ್ತದ ಅಂತ ನೀನೇ ಹೇಳಿದಿಯಲ್ಲ ಬೇ? ಕಲ್ಲು ಅಷ್ಟು ತಡೀತದ, ನನ್ನ ಮಾಳಿಗಿ ಇಷ್ಟು ತಡ್ಯಂಗಿಲ್ಲೇನು?"

ನನ್ನ ಗಂಡ ನಗು ತಡೆಯಲಾರದೆ ಎದ್ದು ಹೋದ. ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು ನನ್ನ ಪಾಡು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ, ಹಗೇವಿನ ಮಾತು ತೆಗೆದರು. ಹಿಂದೆ ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ್ದ ಆಳದ ಕುಣಿ ಅದು. ಮುಚ್ಚಿ ಎಷ್ಟೋ ವರ್ಷವಾಯಿತು.

"ತಳದಾಗಿನ ಜ್ವಾಳದ ಮ್ಯಾಲ ಎಷ್ಟು ಭಾರ ಇರ್ತಿತ್ತು! ಕಾವಿಗೆ ಬಣ್ಣ ತಿರುಗ್ತಿತ್ತು, ವಾಸನಿ ಬದಲಾಗ್ತಿತ್ತು. ಒಂದು ಕಾಳರೆ ಒಡೀತೇನು?"

ಇಷ್ಟು ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅದನ್ನೇ ಹಿಡಿದುಕೊಂಡೆ.

"ಒಡೀಲಿಲ್ಲ, ಖರೇರಿ. ಆ ಕಾಳಿಗೆ ಮ್ಯಾಲ, ಕೆಳಗ, ಬಾಜೂಕ ಎಲ್ಲಾ ಕಡೀ ಕಾಳೇ ಇತ್ತು. ಸುತ್ತಾ ಒತ್ತಿದ್ರ ಹೋಗಾಕ ಜಾಗ ಇರಂಗಿಲ್ಲ, ಅದಕ್ಕ ತಡೀತದ. ಭೂಮಿಯೊಳಗಿನ ಕಲ್ಲೂ ಹಂಗೇರಿ. ನಮ್ಮ ತೊಲಿಗೆ ಭಾರ ಮ್ಯಾಲಷ್ಟೇ ಅದ. ಕೆಳಗ ಏನದರಿ? ಕೆಳಗ ಮಲಗೋರು ನೀವು."

ಅತ್ತೆ ತೊಲೆಯನ್ನೇ ನೋಡುತ್ತ ಕುಳಿತರು. ಗೆದ್ದೆ ಅಂದುಕೊಂಡೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಈ ಮನಿಗೆ ಬಂದಾಗಿಂದ ಪ್ರತಿ ವರ್ಷ ನಿಚ್ಚಣಿಕಿ ಹತ್ತಿ ಬುಟ್ಟಿ ಹೊತ್ತೀನಿ. ಹಂಗಾದ್ರ ನನ್ನ ಮಕ್ಕಳ ತಲಿ ಮ್ಯಾಲ ಇಷ್ಟೆಲ್ಲಾ ನಾನೇ ಹೇರೀನೇನು?"

ನಾಲ್ಕು ಹೇಳುವ ನಾನು ಅವರ ಹಾಸಿಗೆಯನ್ನಷ್ಟೇ ತೊಲೆಯ ಕೆಳಗಿನಿಂದ ಎಳೆದು ಗೋಡೆಯ ಬದಿಗೆ ಹಾಕಿದೆ.

ಮಣ್ಣು ಇಳಿಸಲು ಆಳುಗಳು ಬಂದರು. ಮೇಲಿನದು ಸಲೀಸಾಗಿ ಬಂತು. ಕೆಳಗಿನ ಪದರ ಗುದ್ದಲಿಗೂ ಜಗ್ಗದೆ ದೊಡ್ಡ ದೊಡ್ಡ ಹೆಂಟೆಯಾಗಿ ಏಳುತ್ತಿತ್ತು. ಅತ್ತೆ ಅಂಗಳದಲ್ಲಿ ನಿಂತು, ಇಳಿಯುವ ಒಂದೊಂದು ಬುಟ್ಟಿಯನ್ನೂ ನೋಡುತ್ತಿದ್ದರು. ಊಟಕ್ಕೆ ಕರೆದರೂ ಬರಲಿಲ್ಲ. ತೆಳ್ಳಗೆ ಒಂದು ಪದರ ಉಳಿಸಿ ಮೇಲೆ ತಗಡು ಹೊದಿಸಿದೆವು. ಮನೆ ಮೊದಲಿನಷ್ಟು ತಂಪು ಉಳಿಯಲಿಲ್ಲ, ಅದಕ್ಕೂ ನನ್ನನ್ನೇ ಬೈದರು. ಬೈಯುವಷ್ಟು ಚೇತರಿಸಿಕೊಂಡರಲ್ಲ ಅಂತ ನನಗೆ ಸಮಾಧಾನವೇ ಆಯಿತು.

ತೊಗರಿ ಹೂ ಬಿಟ್ಟ ಕಾಲದಲ್ಲಿ ಒಂದು ಮಧ್ಯಾಹ್ನ ಮತ್ತೆ ಸದ್ದಾಯಿತು. ಎಲ್ಲರೂ ಹೊರಗೆ ಓಡಿದೆವು. ಅತ್ತೆ ಮಾತ್ರ ಕಾಣಲಿಲ್ಲ. ತಿರುಗಿ ಒಳಗೆ ಓಡಿದರೆ, ಅದೇ ತೊಲೆಯ ಕೆಳಗೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾರೆ!

"ಏಳ್ರಿ ಅತ್ತಿ, ಹೊರಗ ಬರ್ರಿ!"

"ಈಗ ಹಗುರ ಆಗ್ಯದಲ್ಲ. ನೀನೇ ಹೇಳಿದಿ."

"ಹಗುರ ಆಗ್ಯದ ಅಂದೀನ್ರಿ. ಬೀಳಂಗಿಲ್ಲ ಅಂದಿಲ್ಲ. ಅದು ನನಗೂ ಗೊತ್ತಿಲ್ರಿ."

ಮೊರ ಹಿಡಿದುಕೊಂಡೇ ಎದ್ದು ಬಂದು ಬೇವಿನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು. ಜೋಳದೊಳಗಿನ ಕಲ್ಲು ಆರಿಸತೊಡಗಿದರು.

"ಇಷ್ಟು ಓದಿದಾಕಿಗೂ ಗೊತ್ತಿಲ್ಲೇನು?"

"ಇಲ್ರಿ. ತಿಳಿದಷ್ಟು ಮಾಡೀನಿ."

ಅವರ ಕೈ ನಿಂತಿತು.

"ಹಂಗಾದ್ರ ಆ ಮಣ್ಣು ಹೊತ್ತಾಗ ನಾನೂ ಅಷ್ಟೇ ಮಾಡೀನಿ ತಗೋ," ಅಂದರು. ಆಮೇಲೆ ಮೊರವನ್ನು ನನ್ನ ತೊಡೆಯ ಮೇಲಿಟ್ಟು, ಕಟ್ಟೆಯ ಮೇಲೆಯೇ ಕಾಲು ಚಾಚಿ ಮಲಗಿಬಿಟ್ಟರು.