ಬೇಡ ಅಂದರೆ ಬೇಡವೇ?

ಇಲ್ಲ ಅನ್ನುವುದು ನನಗೆ ಬರುವುದಿಲ್ಲ. ಇಂಥ ನಾನು ಈಗ ಶನಿವಾರ ಬೆಳಿಗ್ಗೆ ಅಮೆರಿಕದ ಡಬ್ಲಿನ್ನಿನ ಲೈಬ್ರರಿಯಲ್ಲಿ ಕೂತು, ಚೀನೀ ಹಿರಿಯರಿಗೆ ಇಂಗ್ಲಿಷಿನಲ್ಲಿ ಇಲ್ಲ ಅನ್ನುವುದು ಹೇಗೆಂದು ಪಾಠ ಹೇಳುತ್ತೇನೆ. ಈ ಕೆಲಸ ತಗುಲಿಕೊಂಡಿದ್ದೂ ಅದೇ ದೌರ್ಬಲ್ಯದಿಂದ. ಲೈಬ್ರರಿಯವಳು ಕೇಳಿದಾಗ ಆಗಲ್ಲ ಅನ್ನಲಾರದೆ "ಟ್ರೈ ಮಾಡ್ತೀನಿ" ಅಂದೆ. ನಮ್ಮ ಹಾಸನದ ಕಡೆ ಯಾರಾದರೂ ಹೀಗಂದರೆ ಅವರು ಬರುವುದಿಲ್ಲ ಅಂತ ಮಕ್ಕಳಿಗೂ ಗೊತ್ತು. ಅವಳು ಮಾತ್ರ ಮರುದಿನವೇ ನೋಟೀಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಿಬಿಟ್ಟಳು. ಮನೆಗೆ ಬಂದು ಹೇಳಿದರೆ ನಮ್ಮವರು, "ಪ್ರತಿ ಫಂಕ್ಷನ್ನಿಗೂ ಪುಳಿಯೋಗರೆ ನಿಂದೇ ಅಂತಾರಲ್ಲ, ಒಂದ್ಸಲನಾದ್ರೂ ಆಗಲ್ಲ ಅಂದಿದ್ದೀಯೇನೇ? ನಿನ್ನ ಹತ್ರ ಕಲಿತೋರು ಉದ್ಧಾರ ಆದಂಗೇ ಬಿಡು" ಅಂದರು.

ಪಾಠವೇನೂ ಸಲೀಸಲ್ಲ. ಅವರ ಭಾಷೆಯಲ್ಲಿ ಕ್ರಿಯಾಪದದ ಮುಂದೆ 'ಬು' ಅಂತಲೋ, ನಡೆಯದೇ ಹೋದ ಸಂಗತಿಯಾದರೆ 'ಮೇ' ಅಂತಲೋ ಒಂದು ಪುಟ್ಟ ಪದ ಅಂಟಿಸಿದರೆ ಮುಗಿಯಿತು. ಹಾಗಾಗಿ ಅವರು ನಿಶ್ಚಿಂತೆಯಿಂದ "ಐ ನೋ ಲೈಕ್ ಫಿಶ್", "ಹೀ ನಾಟ್ ಕಮ್" ಅನ್ನುತ್ತಾರೆ. ಇಂಗ್ಲಿಷಿಗೆ ಅಷ್ಟು ಸಾಲದು, ನಡುವೆ ಒಂದು 'ಡು' ಬರಲೇಬೇಕು. ಮದುವೆಮನೆಯಲ್ಲಿ ಕಡ್ಡಿ ಆಚೆ ಈಚೆ ಎತ್ತಿಡದೆ ಎಲ್ಲ ಫೋಟೋದಲ್ಲೂ ನಿಂತಿರುವ ಸೋದರಮಾವನ ಹಾಗೆ ಈ 'ಡು'. ಕೆಲಸವಿಲ್ಲ, ಬಿಟ್ಟರೆ ಮಾತ್ರ ದೊಡ್ಡ ತಪ್ಪು. ನಮಗೋ ಇಲ್ಲ, ಅಲ್ಲ, ಬೇಡ, ಒಲ್ಲೆ, ಕೂಡದು ಅಂತ ಪದಗಳಿಗೇನೂ ಬರವಿಲ್ಲ. ಆಡುವುದಕ್ಕೆ ಬಾಯಿ ಬರಬೇಕಷ್ಟೆ.

ತರಗತಿಯಲ್ಲಿ ಎಲ್ಲರಿಗಿಂತ ಶ್ರದ್ಧೆ ಲಿನ್ ಆಂಟಿಯದು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಚೀನಾದಿಂದ ಬಂದವರು. ಮಗು ಈಗ ಡೇಕೇರಿಗೆ ಹೋಗುತ್ತದೆ. ಊರಿನಲ್ಲಿ ತಂಗಿಯಿದ್ದಾಳೆ, ಸಂಜೆಯಾದರೆ ಪಾರ್ಕಿನಲ್ಲಿ ಜೊತೆಗೆ ಕುಣಿಯುವ ಗೆಳತಿಯರಿದ್ದಾರೆ, ಲಿನ್ ಆಂಟಿಗೆ ಅಲ್ಲಿಗೇ ಹೋಗಬೇಕು. ಆದರೆ ಸೊಸೆ ಎಮಿಲಿ ಅತ್ತೆಯನ್ನು ಖಾಯಮ್ಮಾಗಿ ಇಲ್ಲೇ ಇರಿಸಿಕೊಳ್ಳಲು ವಕೀಲರನ್ನೂ ಕಂಡು ಬಂದಿದ್ದಾಳೆ. ಬಂಗಾರದಂಥ ಹುಡುಗಿ, ಅಮೆರಿಕದವಳು, ಚೀನೀ ಭಾಷೆ ಬಾರದು. ಮಗನೋ "ನೀನೇ ಅವಳಿಗೆ ಹೇಳಮ್ಮ" ಅಂತ ಜಾರಿಕೊಂಡಿದ್ದಾನೆ. ಗಂಡುಮಕ್ಕಳು ಎಲ್ಲ ದೇಶದಲ್ಲೂ ಒಂದೇ. ಇಷ್ಟನ್ನೂ ಆಂಟಿ ಫೋನಿನ ಅನುವಾದದ ಸಹಾಯದಿಂದ ನನಗೆ ತಿಳಿಸಿ, ಸೊಸೆಗೆ ಮಾತ್ರ ಫೋನಿಲ್ಲದೆ ನನ್ನ ಬಾಯಿಂದಲೇ ಹೇಳಬೇಕು, ಅದಕ್ಕೆ ಒಂದೇ ಒಂದು ವಾಕ್ಯ ಕಲಿಯಲು ಬಂದಿದ್ದೇನೆ ಅಂದರು. ಐ ಡು ನಾಟ್ ವಾಂಟ್ ಟು ಸ್ಟೇ.

ಅವರು ಅದನ್ನು ಕಲಿಯುತ್ತಿರುವಾಗಲೇ ತರಗತಿಯಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಒಂದು ಪಾಟ್‌ಲಕ್ಕಾಯಿತು. ನಾನು ಒಯ್ದದ್ದು ಪುಳಿಯೋಗರೆಯೇ. ಬಡಿಸಲು ಹೋದರೆ ಆಂಟಿ "ನೋ, ನೋ" ಅಂದರು. ನಾನು ನಮ್ಮ ಮನೆತನಕ್ಕೆ ತಕ್ಕಂತೆ ಎರಡು ಸೌಟು ಹಾಕಿದೆ. ಪೂರ್ತಿ ತಿಂದರು. ಕರೆದೊಯ್ಯಲು ಬಂದಿದ್ದ ಎಮಿಲಿ ಕಣ್ಣರಳಿಸಿ, "ಅವರು ನೋ ಅಂದರಲ್ಲ?" ಅಂದಳು. ನಾನು ಪುಕ್ಕಟೆ ಉಪನ್ಯಾಸ ಕೊಟ್ಟೆ. ನಿಮ್ಮಲ್ಲಿ ಒಮ್ಮೆ ಬೇಡ ಅಂದರೆ ಬೇಡ. ಅವರಲ್ಲಿ ಕೇಳಿದ ತಕ್ಷಣ ಹೂಂ ಅಂದರೆ ಆಸೆಬುರುಕರಾಗುತ್ತಾರೆ, ಮೊದಲ ಕೆಲವು ಬೇಡಗಳು ಮರ್ಯಾದೆಗೆ. ನಮ್ಮಲ್ಲಿ ಎಲೆಯ ಮೇಲೆ ಅಡ್ಡ ಮಲಗಿದರೂ ಬೆನ್ನಿಗೆ ಬಡಿಸುತ್ತಾರೆ ಅಂತ. ಎಮಿಲಿಯ ಮುಖ ಬಿಳಿಚಿತು. ಇಷ್ಟು ದಿನ ಅತ್ತೆ ಬೇಡ ಅಂದ ಕೂಡಲೇ ಅವಳು ತಟ್ಟೆ ಎತ್ತಿ ಸಿಂಕಿಗೆ ಹಾಕುತ್ತಿದ್ದಳಂತೆ. ಇನ್ನು ಮೇಲೆ ಇವರ ನೋ ನಂಬುವುದಿಲ್ಲ ಅಂತ ಅಲ್ಲೇ ಶಪಥ ಮಾಡಿದಳು. ಸಂಸ್ಕೃತಿಗಳ ನಡುವೆ ಸೇತುವೆ ಕಟ್ಟಿದೆನೆಂದು ನಾನು ಫ್ರೀವೇ ಉದ್ದಕ್ಕೂ ಬೀಗುತ್ತ ಮನೆಗೆ ಬಂದೆ.

ಮುಂದಿನ ಶನಿವಾರ ಲಿನ್ ಆಂಟಿಯ ಕೆನ್ನೆ ತುಂಬಿಕೊಂಡಿತ್ತು, ಮುಖ ಬಾಡಿತ್ತು. ಅವರು ಆ ವಾಕ್ಯ ಹೇಳಿದ್ದರು, 'ಡು' ಸಮೇತ, ತಪ್ಪಿಲ್ಲದೆ. ಎಮಿಲಿ ನಕ್ಕು, ತಬ್ಬಿಕೊಂಡು, "ನನ್ನ ಹತ್ತಿರ ಎಂಥ ಸಂಕೋಚ, ನೀವು ಇಲ್ಲೇ ಇರಬೇಕು" ಅಂದಳಂತೆ. ಮತ್ತೆ ಹೇಳಿದರೆ ಇನ್ನೂ ಬಿಗಿಯಾಗಿ ತಬ್ಬಿಕೊಂಡು ತಟ್ಟೆಗೆ ಇನ್ನಷ್ಟು ಮೀನು ಹಾಕಿದಳಂತೆ. ಹೇಳುತ್ತ ಹೇಳುತ್ತ ಆಂಟಿಯ ಕಣ್ಣು ತುಂಬಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ತರಗತಿ ಮುಗಿದ ಮೇಲೆ ಎಮಿಲಿಯನ್ನು ಕೂರಿಸಿಕೊಂಡು, ಅತ್ತೆ ನಿಜವಾಗಿಯೇ ಬೇಡ ಅನ್ನುತ್ತಿರಬಹುದು ಅಂದೆ. ಅವಳು ಅಳುವಂತಾಗಿ, "ಹಾಗಾದರೆ ನಿಜವಾದ ನೋ ಯಾವುದು ಅಂತ ನಿಮಗೆಲ್ಲ ಹೇಗೆ ಗೊತ್ತಾಗುತ್ತದೆ?" ಅಂದಳು. ನ್ಯಾಯವಾದ ಪ್ರಶ್ನೆ. ನಾನು ಯೋಚಿಸಿ, "ಬಡಿಸಿದ ಮೇಲೆ ಎಲೆ ನೋಡುತ್ತೇವೆ. ಉಂಡಿದ್ದರೆ ಉಪಚಾರ. ಹಾಗೇ ಬಿಟ್ಟಿದ್ದರೆ ನಿಜ. ನೀನು ಇರಿ ಅಂದ ಮೇಲೆ ಅವರ ಮುಖ ನೋಡಿದೆಯಾ?" ಅಂದೆ.

ಎಮಿಲಿ ತಿರುಗಿ ಅತ್ತೆಯನ್ನು ನೋಡಿದಳು. ತಬ್ಬಿಕೊಳ್ಳಲಿಲ್ಲ. ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ, "ಅಮ್ಮಾ, ನಿಮಗೆ ಊರಿಗೆ ಹೋಗಬೇಕಾ?" ಅಂತ ಕೇಳಿದಳು.

ಚೀನೀ ಭಾಷೆಯವರು ಯೆಸ್ ಅನ್ನುವುದು ಕಡಿಮೆ. ಬೇಕಾ ಅಂದರೆ ಬೇಕು ಅನ್ನುತ್ತಾರೆ, ನಮ್ಮ ಹಾಗೆಯೇ. ಲಿನ್ ಆಂಟಿ ಸೊಸೆಯ ಕೈ ಹಿಡಿದುಕೊಂಡು "ವಾಂಟ್" ಅಂದರು.

ತಿದ್ದುವುದು ನನ್ನ ಕೆಲಸ, ತಿದ್ದಲಿಲ್ಲ. ಅಷ್ಟು ವಾರ ನಾನು ಅವರಿಗೆ ಬೇಡ ಅನ್ನುವುದನ್ನು ಕಲಿಸಿದೆ. ಏನು ಬೇಕು ಅಂತ ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.