ಮಾತಿನ ನಡುವೆ ನಿಂತ ಫೋನು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಹೊನ್ನವ್ವನ ಮನೆಯ ಫೋನಿಗೆ ಬಿಡುವಿರುವುದಿಲ್ಲ. ಕಾಯಿಯ ತೊಟ್ಟು ಬಿಡಿಸಲು ಹೆಂಗಸರು ಬೇಕಾದ ವ್ಯಾಪಾರಿಗಳು ಮೊದಲು ಒತ್ತುವುದು ಅವಳ ನಂಬರು. ಕೆಲಸ ಬೇಕಾದ ಹೆಂಗಸರು ಕೇಳುವುದೂ ಅವಳನ್ನೇ. ಯಾರ ಕೂಸು ಇನ್ನೂ ಮೊಲೆ ಬಿಟ್ಟಿಲ್ಲ, ಯಾರಿಗೆ ಕೆಮ್ಮು ಹೆಚ್ಚಾಗಿದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳ ಹತ್ತುತ್ತದೆ, ಎಲ್ಲ ಅವಳ ತಲೆಯಲ್ಲಿದೆ.

ತೊಟ್ಟು ಬಿಡಿಸುತ್ತಲೇ ಬೆಳೆದವಳು, ಬಿಡಿಸುತ್ತಲೇ ಮಗನನ್ನು ಸಾಕಿದವಳು. ಐವತ್ತು ದಾಟಿದ ಮೇಲೆ ಕಣ್ಣು ಮಂಜಾಗುತ್ತಾ ಬಂದು ಕೊನೆಗೆ ಪೂರ್ತಿ ಹೋದವು. "ಇನ್ನ ಆರಾಮ ಕುಂದ್ರು ಯವ್ವಾ" ಎಂದ ಮಗ ಕೊಟ್ರಪ್ಪ. ಒಂದು ಸುಗ್ಗಿ ಕೂತು ನೋಡಿದಳು. ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಹೋಗುವ ಸದ್ದು ಕೇಳಿ ಕೇಳಿ ಅನ್ನ ಸೇರದಾಯಿತು. ಮರುವರ್ಷ ಮನೆಯ ಕಾರ್ಡ್‌ಲೆಸ್ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಗಳನ್ನು ಬೆರಳಿನಿಂದಲೇ ಕಲಿತಳು. ಐದರ ಮೇಲೊಂದು ಪುಟ್ಟ ಉಬ್ಬಿತ್ತು. ಅದು ಸಿಕ್ಕರೆ ಸುತ್ತಲಿನವೆಲ್ಲ ಸಿಗುತ್ತಿದ್ದವು. ಅಂದಿನಿಂದ ಅಂಗಳದ ಕಟ್ಟೆಯೇ ಅವಳ ಕಚೇರಿ. ಮಗ ತಂದುಕೊಟ್ಟ ಮೊಬೈಲಿನ ಗಾಜಿನ ಮೇಲೆ ಬೆರಳು ಜಾರಿತು. ಅದನ್ನು ಸೊಸೆ ಶೈಲಾಳ ಕೈಗಿಟ್ಟು ಸುಮ್ಮನಾದಳು.

ಈ ಸಲ ಶಿವರಾತ್ರಿಗೆ ಮೊದಲೇ ಬಿಸಿಲು ಸುಡತೊಡಗಿತ್ತು. ಯುವರಾಜ ಎಂಬ ವ್ಯಾಪಾರಿಯ ಕಣದಲ್ಲಿ ಅಗಡಿಯ ಮರಿಯವ್ವ ತಲೆ ತಿರುಗಿ ಕಾಯಿಯ ರಾಶಿಯ ಮೇಲೇ ಬಿದ್ದಳು. ಸುದ್ದಿ ಮುಟ್ಟಿದ್ದೇ ತಡ, ಹೊನ್ನವ್ವ ಅವನಿಗೆ ಫೋನು ಹಚ್ಚಿದಳು.

"ಸಾವಕಾರ್ರ, ತಲಿ ಮ್ಯಾಲೆ ಒಂದ ತಾಡಪತ್ರಿಯರ ಕಟ್ಟಸ್ರಿ. ಹೆಣ್ಮಕ್ಕಳು ಬಾಡಿ ಹೊಂಟಾರ."

"ಎಲ್ಲಾ ಕಣದಾಗೂ ಬಿಸಲಾಗ ಕುಂತ ಮಾಡತಾರ, ಹೊನ್ನವ್ವ. ನಿಮ್ಮವ್ರಷ್ಟ ಯಾಕ ಇಷ್ಟ ನಾಜೂಕ?"

"ಹಂಗಲ್ರಿ. ನಾಳೆ ನೀವು ನೆರಳ ಮಾಡಲಿಲ್ಲಂದ್ರ ನಾ..."

ಫೋನು ಕುಂಯ್ ಎಂದು ಸತ್ತಿತು. ಕೆಲವು ದಿನಗಳಿಂದ ಅದರದು ಇದೇ ಹಾಡು. ರಾತ್ರಿಯೆಲ್ಲ ಚಾರ್ಜಿಗಿಟ್ಟರೂ ಎರಡು ಮಾತಿಗೇ ಉಸಿರು ಬಿಡುತ್ತಿತ್ತು. 'ನಮ್ಮ ಮನೀದಽ ತಾಡಪತ್ರಿ ಕಳಸ್ತೇನಿ' ಎನ್ನಬೇಕಿದ್ದವಳ ಮಾತು ಬಾಯಲ್ಲೇ ಉಳಿಯಿತು. ಶೈಲಾ ಮೊಬೈಲಿನಿಂದ ಹಚ್ಚಿಕೊಟ್ಟಳು. ಗುರುತಿಲ್ಲದ ನಂಬರೆಂದೋ ಏನೋ, ಯುವರಾಜ ಎತ್ತಲಿಲ್ಲ.

ಪೇಟೆಯ ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ, "ಇದರ ಬ್ಯಾಟ್ರಿ ಈಗ ಬರಂಗಿಲ್ಲ, ಹೊಸಾ ಮೊಬೈಲ್ ತಗೋರಿ" ಎಂದುಬಿಟ್ಟ. ಪಕ್ಕದ ಮನೆಯವರು ಟೀವಿ ರಿಮೋಟಿನ ಸೆಲ್ ಹಾಕಿ ನೋಡಲು ಹೇಳಿದರು. ಚಾರ್ಜ್ ಆಗದ ಸೆಲ್ ಹಾಕಬಾರದೆಂದು ಒಳಗಿನ ಚೀಟಿಯಲ್ಲೇ ಬರೆದದ್ದನ್ನು ಶೈಲಾ ಓದಿ ಹೇಳಿದಳು.

"ಹಂಗಾರ ನಾಳೆ ರಾಣೆಬೆನ್ನೂರಿಗೆ ಹೋಗೋಣ ನಡಿ" ಎಂದಳು ಹೊನ್ನವ್ವ.

"ಬಿಸಲಾಗ ನೀವ್ಯಾಕ ಅತ್ತಿ, ನಾ ಒಬ್ಬಾಕಿ ಹೋಗಿ ತರತೇನಿ."

"ನನ್ನ ಫೋನಿಗೆ ಏನಾಗೇತಿ ಅಂತ ನಾ ತಿಳಕೋಬೇಕವಾ."

ಬೆಳಗ್ಗೆ ಕಣಕ್ಕೆ ಹೊರಟವರ ಕೈಗೆ ಮನೆಯ ತಾಡಪತ್ರಿ ಕೊಟ್ಟು ಕಳಿಸಿ, ಸೊಸೆಯ ಭುಜ ಹಿಡಿದು ಬಸ್ಸು ಹತ್ತಿದಳು. ರಾಣೆಬೆನ್ನೂರಿನ ಬಸ್‌ ನಿಲ್ದಾಣದ ಹಿಂದೆ ರೇಡಿಯೊ, ಫೋನು ರಿಪೇರಿ ಮಾಡುವ ಮುಸ್ತಾಕ್ ಸ್ಟೂಲು ಎಳೆದು, "ಬರ್ರಿ ಅವ್ವಾರ, ಕುಂದ್ರಿ" ಎಂದ. ಹಿಂದಿನ ಮುಚ್ಚಳ ಜಾರಿಸಿ ಬ್ಯಾಟರಿಯನ್ನು ಅವಳ ಅಂಗೈಗಿಟ್ಟ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೂರು ಸಣ್ಣ ಸೆಲ್ಲುಗಳು, ಎರಡು ವೈರು, ತುದಿಗೊಂದು ಅಕ್ಕಿಕಾಳಿನಷ್ಟು ಪಿನ್ನು. ನಡುವಿನ ಸೆಲ್ ಉಬ್ಬಿತ್ತು.

"ಬಸರಿ ಆದಂಗ ಆಗೇತಿ ನೋಡು ಇದು" ಎಂದಳು. ಮುಸ್ತಾಕ್ ನಕ್ಕುಬಿಟ್ಟ.

ಡಬ್ಬಿಗಳನ್ನೆಲ್ಲ ತಡಕಿ ಅದೇ ವೋಲ್ಟೇಜಿನದೊಂದು ಹುಡುಕಿದ. ಆದರೆ ಹಾಕಲು ಹೋದವನು ಕೈ ಹಿಂದೆಗೆದ. ಅದರ ಕೆಂಪು ವೈರು ಕರಿಯದರ ಜಾಗದಲ್ಲಿತ್ತು. ಹಾಗೇ ಚುಚ್ಚಿದ್ದರೆ ಫೋನೇ ಸುಟ್ಟುಹೋಗುತ್ತಿತ್ತು. ಸೂಜಿಯಿಂದ ವೈರುಗಳನ್ನು ಬಿಡಿಸಿ ಅದಲುಬದಲು ಮಾಡಿದ.

"ಹಾಕೂದು ನನಗ ಬಿಡು ತಮ್ಮಾ" ಎಂದಳು ಹೊನ್ನವ್ವ.

ಪಿನ್ನಿನ ಒಂದು ಮಗ್ಗುಲಲ್ಲಿ ಎರಡು ಗೆರೆ ಎದ್ದಿದ್ದವು. ಅವು ಮೇಲೆ ಬರಬೇಕೆಂದು ಅವನು ಹೇಳಿಕೊಟ್ಟ. ಮೊದಲ ಸಲ ಜಾರಿತು, ಎರಡನೆಯ ಸಲವೂ ಜಾರಿತು. ಶೈಲಾ ಕೈ ಚಾಚಿದಳು, ಹೊನ್ನವ್ವ ಕೊಡಲಿಲ್ಲ. ಮತ್ತೊಮ್ಮೆ ಉಗುರಿನಿಂದ ಒತ್ತಿದಾಗ ಟಕ್ ಎಂದು ಕೂತಿತು. ಆ ಸದ್ದಿಗೆ ಅವಳ ಮುಖ ಅರಳಿತು.

"ಇವತ್ತ ಪೂರಾ ಚಾರ್ಜಿಗೆ ಇಡ್ರಿ, ನಾಳೆ ಮುಂಜಾನೆತನಕ ತಗೀಬ್ಯಾಡ್ರಿ" ಎಂದ ಮುಸ್ತಾಕ್, ಹಳೆಯದನ್ನು ತನ್ನಲ್ಲೇ ಇಟ್ಟುಕೊಂಡ. "ಇದನ್ನ ಒಲ್ಯಾಗ ಗಿಲ್ಯಾಗ ಒಗದೀರಿ ಮತ್ತ, ಸಿಡೀತೈತಿ."

ಸಂಜೆ ಹೆಂಗಸರು ನೇರ ಅವಳ ಅಂಗಳಕ್ಕೇ ಬಂದರು. ಕೊಟ್ಟ ತಾಡಪತ್ರಿಯನ್ನು ಮಡಿಕೆ ಬಿಚ್ಚದೆ ಮರಳಿ ತಂದಿದ್ದರು.

"ಯಕ್ಕಾ, ಸಾವಕಾರಗ ಅದೇನಂದಿ? ನಾವು ಹೋಗೂದ್ರಾಗ ಕಣದ ತುಂಬ ನೆರಳ! ಹೊನ್ನವ್ವಗ ಸಿಟ್ಟ ಬಂದೈತಿ, ಮಾತಿನಾಗ ಫೋನ್ ಇಟ್ಟಾಳ ಅಂತ ರಾತ್ರಿನ ಬೊಂಬು ತರಸ್ಯಾನಂತ."

ಹೊನ್ನವ್ವ ಬಿದ್ದು ಬಿದ್ದು ನಕ್ಕಳು. ಶೈಲಾ ಕಿವಿಯಲ್ಲಿ ಪಿಸುಗುಟ್ಟಿದಳು, "ಬ್ಯಾಟ್ರಿ ಕತಿ ಹೇಳಬ್ಯಾಡ್ರಿ ಅತ್ತಿ. ಅಂಜಿಕಿ ಇರಲಿ."

ಮರುದಿನ ಬೆಳಗ್ಗೆ ಹೊಸ ಬ್ಯಾಟರಿಯ ಮೊದಲ ಫೋನು ಯುವರಾಜನಿಗೇ ಹೋಯಿತು.

"ಸಾವಕಾರ್ರ, ಮೊನ್ನೆ ನಾ ಸಿಟ್ಟಿಲೆ ಇಡಲಿಲ್ರಿ. ಬ್ಯಾಟ್ರಿ ಸತ್ತಿತ್ತು. ನಿಮಗ ತಪ್ಪ ತಿಳುವಳಿಕಿ ಬ್ಯಾಡ."

ಆ ಕಡೆಯಿಂದ ಯುವರಾಜ ಕೇಳಿದ, "ಹೇಳದಿದ್ರ ನನಗೇನ ಗೊತ್ತಾಗತಿತ್ತು?"

"ನಿಮಗ ಗೊತ್ತಾಗತಿದ್ದಿಲ್ಲ, ಖರೇ. ಆದ್ರ ಹೆಣ್ಮಕ್ಕಳಿಗೆ ನೆರಳ ಬೇಕಂತ ನೀವ ತಿಳದ ಕಟ್ಟಬೇಕರಿ, ನನ್ನ ಸಿಟ್ಟಿಗೆ ಅಂಜಿ ಅಲ್ಲ. ಈಗ ಬಿಚ್ಚತೀರೇನು?"

"ಕಟ್ಟಿದ್ದು ಕಟ್ಟೇತಿ, ಇರಲಿ ಬಿಡು" ಎಂದ ಯುವರಾಜ. ಅವನ ದನಿಯಲ್ಲಿ ನಗೆಯಿತ್ತು.

"ಹಂಗಾರ ನೆರಳಾಗ ಒಂದ ಗುಡಾಣ ತಣ್ಣೀರನೂ ಇಡಸ್ರಿ" ಎಂದಳು.

ಆ ವಾರವೆಲ್ಲ ಅವಳು ಕಟ್ಟೆಯಿಂದ ಏಳಲಿಲ್ಲ. ಬೇರೆ ಕಣಗಳ ಯಜಮಾನರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಅದೇ ಮಾತು ಕೇಳಿದಳು. ಹಲವರು ಕಟ್ಟಿಸಿದರು. ಕೆಲವರು ಬೈದು ಬೇರೆ ಊರಿನ ಆಳುಗಳನ್ನು ಕರೆಸಿಕೊಂಡರು. ಆ ಕಣಗಳ ಕೆಲಸ ತನ್ನ ಹೆಂಗಸರ ಕೈತಪ್ಪಿದ್ದಕ್ಕೆ ಅವಳು ಮರುಗಿದಳು, ಮಾತು ಮಾತ್ರ ಹಿಂದೆಗೆಯಲಿಲ್ಲ. ಮರಿಯವ್ವ ಚೇತರಿಸಿಕೊಂಡು ಅಗಡಿಯಿಂದ ಬಂದ ದಿನ ಹೊನ್ನವ್ವ ಅವಳ ಕೆನ್ನೆ, ಹಣೆ ಮುಟ್ಟಿ ನೋಡಿ ಹೇಳಿದಳು: "ಇವತ್ತ ನೆರಳಾಗ, ಬೊಂಬಿನ ಮಗ್ಗಲಕ ಕುಂದ್ರವಾ. ಅಲ್ಲೆ ಗಾಳಿನೂ ಬರತೈತಂತ."